ಹಿತ್ತಾಳೆಗೆ ನಿಕ್ಕಲ್ ಲೇಪ: ಸಿಪ್ಪೆ ಏಳದಂತೆ, ಕಪ್ಪಾಗದಂತೆ ಮಾಡುವ ಕ್ರಮ

ಮೈಸೂರಿನ ಹೆಬ್ಬಾಳ, ಮೇಟಗಳ್ಳಿ, ಹೂಟಗಳ್ಳಿಯಿಂದ ಮಂಡ್ಯದ ತೂಬಿನಕೆರೆವರೆಗೆ ಸಣ್ಣ ಶೆಡ್ಡಿನಲ್ಲಿ ಪ್ಲೇಟಿಂಗ್ (ಕರೆಂಟ್ ಕೊಟ್ಟು ಲೋಹದ ಲೇಪ ಕೂರಿಸುವ ಕೆಲಸ) ಶುರು ಮಾಡಿದವರು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ನಿಕ್ಕಲ್ ಸಿಪ್ಪೆ ಏಳ್ತಾ ಇದೆ, ಬ್ರೈಟ್ನರ್ ಎಷ್ಟು ಹಾಕಲಿ?"

ಬ್ರೈಟ್ನರ್ (ಲೇಪಕ್ಕೆ ಹೊಳಪು ಕೊಡುವ ದ್ರವ) ಹಾಕಬೇಡಿ. ಸಿಪ್ಪೆ ಏಳುವ ದೋಷದ ಮೂಲ ಬಹುಪಾಲು ನಿಕ್ಕಲ್ ಟ್ಯಾಂಕಿನಲ್ಲಿ ಇರುವುದೇ ಇಲ್ಲ, ಅದಕ್ಕೆ ಮುಂಚಿನ ಟ್ಯಾಂಕುಗಳಲ್ಲಿ ಇರುತ್ತದೆ. ಬ್ರೈಟ್ನರ್ ಸುರಿದರೆ ಹೊಳಪು ಕೊಂಚ ಏರೀತು. ಆದರೆ ಲೇಪ ಇನ್ನಷ್ಟು ಪೆಡಸಾಗಿ ಮೊದಲಿಗಿಂತ ಬೇಗ ಎದ್ದು ಬರುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೆಚ್ಚಿನ ಜಾಗ ಶುದ್ಧೀಕರಣಕ್ಕೆ ಮತ್ತು ಪರೀಕ್ಷೆಗೆ. ಉದಾಹರಣೆಗೆ 100 ಲೀಟರ್ ಟ್ಯಾಂಕು, ಲೇತ್‌ನಲ್ಲಿ ತೆಗೆದ ಹಿತ್ತಾಳೆ ಜಾಬ್ (ಲೇಪ ಹಾಕಬೇಕಾದ ಬಿಡಿಭಾಗ) ಇಟ್ಟುಕೊಂಡಿದ್ದೇವೆ. ನಿಮ್ಮ ಟ್ಯಾಂಕು 300 ಲೀಟರಿನದಾದರೆ ಟ್ಯಾಂಕಿಗೆ ಹಾಕುವುದೆಲ್ಲದರ ಅಳತೆಯನ್ನು ಮೂರರಿಂದ ಗುಣಿಸಿ.

ಬೇಕಾದ ಸಾಮಾನು

ಪಾಲಿಪ್ರೊಪಿಲೀನ್ ಟ್ಯಾಂಕು, 12 ವೋಲ್ಟ್, 100 ಆಂಪಿಯರ್ ರೆಕ್ಟಿಫೈಯರ್ (ಎ.ಸಿ. ಕರೆಂಟನ್ನು ಡಿ.ಸಿ. ಮಾಡುವ ಪೆಟ್ಟಿಗೆ), ಟೈಟಾನಿಯಂ ಅಥವಾ ಕ್ವಾರ್ಟ್ಜ್ ಕವಚದ 3 ಕಿಲೋವ್ಯಾಟ್ ಹೀಟರ್, ಜೊತೆಗೆ ಥರ್ಮೋಸ್ಟಾಟ್, ಟೈಟಾನಿಯಂ ಬುಟ್ಟಿಯಲ್ಲಿ ನಿಕ್ಕಲ್ ತುಂಡು, ಬುಟ್ಟಿಗೆ ಪಾಲಿಪ್ರೊಪಿಲೀನ್ ಬಟ್ಟೆಯ ಚೀಲ, ಫಿಲ್ಟರ್ ಪಂಪು, ಪಿಎಚ್ (ಆಮ್ಲತೆಯ ಅಳತೆ, ಅಂಕಿ ಇಳಿದಷ್ಟೂ ಆಮ್ಲ ಹೆಚ್ಚು) ಮೀಟರ್, 0.01 ಗ್ರಾಂ ತೋರಿಸುವ ತಕ್ಕಡಿ, ಹಲ್ ಸೆಲ್ (ದ್ರಾವಣ ಪರೀಕ್ಷಿಸುವ ಪುಟ್ಟ ತೊಟ್ಟಿ). ಇಷ್ಟರಲ್ಲಿ ಜನ ದುಡ್ಡು ಉಳಿಸಲು ಹೋಗುವುದು ಫಿಲ್ಟರ್ ಮತ್ತು ಹಲ್ ಸೆಲ್ ಮೇಲೆ. ರೆಕ್ಟಿಫೈಯರನ್ನು ಬೇಕಾದರೆ ಸೆಕೆಂಡ್ ಹ್ಯಾಂಡ್ ತನ್ನಿ, ಇವೆರಡನ್ನು ಬಿಡಬೇಡಿ.

ಕೈಗೆ ಉದ್ದನೆಯ ರಬ್ಬರ್ ಗ್ಲೌಸ್, ಕಣ್ಣಿಗೆ ಕನ್ನಡಕ, ಏಪ್ರನ್, ಗಂಬೂಟು ಕಡ್ಡಾಯ. ನಿಕ್ಕಲ್ ಲವಣ ಚರ್ಮಕ್ಕೆ ತಾಗುತ್ತಾ ಹೋದರೆ ಕಜ್ಜಿಯಂಥ ಅಲರ್ಜಿ ಶುರುವಾಗುತ್ತದೆ, ಒಮ್ಮೆ ಬಂದರೆ ಜೀವನಪೂರ್ತಿ ಬಿಡುವುದಿಲ್ಲ. ಅದರ ಪುಡಿ ಮತ್ತು ಆವಿಯ ಹನಿ ಶ್ವಾಸಕೋಶಕ್ಕೆ ಹೋಗುವುದು ಕ್ಯಾನ್ಸರಿಗೆ ಕಾರಣ. ಟ್ಯಾಂಕಿನ ಬಾಯಿಯ ಬಳಿ ಗಾಳಿ ಎಳೆಯುವ ಎಕ್ಸಾಸ್ಟ್ ಇರಲೇಬೇಕು.

ನೀರಿನ ಬಗ್ಗೆ ಒಂದು ಮಾತು. ದ್ರಾವಣ ತಯಾರಿಸಲು, ಆವಿಯಾದಷ್ಟು ಮತ್ತೆ ತುಂಬಲು ಡಿ.ಎಂ. ನೀರನ್ನೇ (ಲವಣ ತೆಗೆದ ನೀರು) ಬಳಸಿ. ನಮ್ಮ ಕಡೆಯ ಬೋರ್ ನೀರಿನ ಗಡಸುತನ ಮನೆಯ ಗೀಸರ್ ಕಾಯಿಲ್ ನೋಡಿದರೆ ಗೊತ್ತಾಗುತ್ತದೆ. ಅದೇ ಕ್ಯಾಲ್ಸಿಯಂ ನಿಕ್ಕಲ್ ಟ್ಯಾಂಕಿಗೆ ಸೇರಿದರೆ ಸಲ್ಫೇಟಿನ ಜೊತೆ ಕೂಡಿ ಕ್ಯಾಲ್ಸಿಯಂ ಸಲ್ಫೇಟ್ ಆಗುತ್ತದೆ. ಇದು ಬಿಸಿಯಲ್ಲಿ ಕರಗುವುದು ಕಡಿಮೆ. ಹಾಗಾಗಿ ಹೀಟರಿನ ಸುತ್ತ ಸೂಜಿಯಂಥ ಹರಳು ಕಟ್ಟಿ, ಜಾಬ್ ಮೇಲೆ ಕೂತು, ಕೈಯಾಡಿಸಿದರೆ ಮರಳು ತಾಕಿದ ಹಾಗೆ ಒರಟಾಗುತ್ತದೆ. ತೊಳೆಯುವ ಮೊದಲ ಟ್ಯಾಂಕುಗಳಿಗೆ ಸಾದಾ ನೀರು ಸಾಕು. ನಿಕ್ಕಲ್‌ಗೆ ಇಳಿಸುವ ಮುಂಚಿನ ಕೊನೆಯ ತೊಳೆತಕ್ಕೆ ಮಾತ್ರ ಡಿ.ಎಂ. ನೀರು ಇರಲಿ.

1. ಹಿತ್ತಾಳೆ ಯಾವುದು ಎಂದು ಮೊದಲು ನೋಡಿ

ಲೇತ್‌ಗೆ ಬರುವ ಹಿತ್ತಾಳೆ ಸರಳಿನಲ್ಲಿ ಸುಮಾರು ಶೇ. 2.5ರಿಂದ 3.5 ಸೀಸ ಇರುವುದು ಸಾಮಾನ್ಯ. ಸುಲಭವಾಗಿ ಕತ್ತರಿಸಲಿ ಅಂತ ಬೆರೆಸಿರುತ್ತಾರೆ. ಟರ್ನಿಂಗ್ ಚೂರು ನೋಡಿದರೆ ತಿಳಿಯುತ್ತದೆ: ಸೀಸ ಇದ್ದರೆ ಚೂರು ಸೂಜಿಯ ಹಾಗೆ ಪುಡಿಪುಡಿಯಾಗಿ ಸಿಡಿಯುತ್ತದೆ, ಇಲ್ಲದಿದ್ದರೆ ಉದ್ದಕ್ಕೆ ಸುರುಳಿ ಬರುತ್ತದೆ.

ಇದನ್ನು ತಿಳಿಯಬೇಕಾದ್ದು ಆಮ್ಲದ ಸಲುವಾಗಿ. ಎಲ್ಲರೂ ಬಳಸುವುದು ಸಲ್ಫ್ಯೂರಿಕ್ ಆಮ್ಲ. ಸೀಸದ ಹಿತ್ತಾಳೆಯನ್ನು ಅದರಲ್ಲಿ ಅದ್ದಿದರೆ ಮೇಲ್ಮೈಯಲ್ಲಿರುವ ಸೀಸ, ನೀರಿನಲ್ಲಿ ಕರಗದ ಸೀಸದ ಸಲ್ಫೇಟ್ ಆಗಿ ಅಲ್ಲೇ ಕೂರುತ್ತದೆ. ಕಣ್ಣಿಗೆ ಕಾಣದಷ್ಟು ತೆಳುವಾದ ಆ ಪುಡಿಯ ಮೇಲೆ ನಿಕ್ಕಲ್ ಕೂರುತ್ತದೆ, ಹಿತ್ತಾಳೆಯ ಮೇಲೆ ಅಲ್ಲ. ಅಲ್ಲಿಂದಲೇ ಗುಳ್ಳೆ, ಅಲ್ಲಿಂದಲೇ ಸಿಪ್ಪೆ. ಇಂಥ ಜಾಬ್‌ಗೆ ಮೀಥೇನ್ ಸಲ್ಫೋನಿಕ್ ಆಮ್ಲ ಅಥವಾ ಫ್ಲೂಬೋರಿಕ್ ಆಮ್ಲ ಶೇ. 5ರಿಂದ 10ರಷ್ಟು ಬಳಸಿ. ಇವುಗಳ ಜೊತೆ ಸೀಸ ಕರಗುವ ಲವಣ ಆಗುತ್ತದೆ, ನೀರಿನಲ್ಲಿ ತೊಳೆದು ಹೋಗುತ್ತದೆ. ಫ್ಲೂಬೋರಿಕ್‌ನಲ್ಲಿ ಫ್ಲೋರೈಡ್ ಅಂಶ ಇರುವುದರಿಂದ ಸಣ್ಣ ಶೆಡ್ಡಿಗೆ ಮೊದಲನೆಯದೇ ವಾಸಿ.

ಜಿಂಕ್ ಡೈಕಾಸ್ಟಿಂಗ್ (ಕರಗಿಸಿದ ಜಿಂಕನ್ನು ಅಚ್ಚಿಗೆ ಒತ್ತಿ ಮಾಡಿದ) ಜಾಬ್ ಬಂದರೆ ಈ ಕ್ರಮ ನಡೆಯುವುದಿಲ್ಲ. ನಿಕ್ಕಲ್ ದ್ರಾವಣದ ಆಮ್ಲ ಜಿಂಕನ್ನು ತಿನ್ನುತ್ತದೆ, ಮೊದಲು ತಾಮ್ರದ ಪದರ ಬೇಕು. ಅಂಥ ಕೆಲಸ ಒಪ್ಪಿಕೊಳ್ಳಬೇಡಿ.

2. ದ್ರಾವಣ ತಯಾರಿ

ಈಗಲೂ ಎಲ್ಲೆಡೆ ಚಾಲ್ತಿಯಲ್ಲಿರುವುದು ಅಮೆರಿಕದ ಆಲಿವರ್ ವಾಟ್ಸ್ 1916ರಲ್ಲಿ ಪ್ರಕಟಿಸಿದ ಸೂತ್ರ. 100 ಲೀಟರಿಗೆ:

ನಿಕ್ಕಲ್ ಸಲ್ಫೇಟ್ 28 ಕಿಲೋ
ನಿಕ್ಕಲ್ ಕ್ಲೋರೈಡ್ 5 ಕಿಲೋ
ಬೋರಿಕ್ ಆಮ್ಲ 4 ಕಿಲೋ

ಲೇಪಕ್ಕೆ ಬೇಕಾದ ಲೋಹದ ಹೆಚ್ಚಿನ ಪಾಲು ಸಲ್ಫೇಟಿನದು. ಕ್ಲೋರೈಡ್ ಇದ್ದರೆ ಆನೋಡ್ (ಧನ ತುದಿಗೆ ಕಟ್ಟಿದ ನಿಕ್ಕಲ್) ಸರಾಗವಾಗಿ ಕರಗುತ್ತದೆ. ಬೋರಿಕ್ ಆಮ್ಲದ ಕೆಲಸ ಜಾಬ್‌ನ ಮೈಗೆ ಅಂಟಿದ ತೆಳು ಪದರದಲ್ಲಿ ಪಿಎಚ್ ಏರದಂತೆ ತಡೆಯುವುದು. ಇದು ಕಡಿಮೆಯಾದರೆ ಅಂಚುಗಳು ಸುಟ್ಟಂತೆ ಕಪ್ಪಾಗುತ್ತವೆ.

ಪ್ಲೇಟಿಂಗ್ ಟ್ಯಾಂಕಿನಲ್ಲೇ ಕಲಸಬೇಡಿ. ಬೇರೆ ಡ್ರಮ್ಮಿನಲ್ಲಿ 60 ಲೀಟರ್ ಡಿ.ಎಂ. ನೀರನ್ನು 60 ಡಿಗ್ರಿಗೆ ಕಾಯಿಸಿ, ಮೂರನ್ನೂ ಒಂದೊಂದಾಗಿ ಕರಗಿಸಿ. ಬೋರಿಕ್ ನಿಧಾನ, ಕಾಯಬೇಕು. ಪೇಟೆಯ ಲವಣದಲ್ಲಿ ಕಶ್ಮಲ ಇದ್ದೇ ಇರುತ್ತದೆ, ಆದ್ದರಿಂದ ಮುಂದಿನ ಕೆಲಸ ಶುದ್ಧಿ. ನಿಕ್ಕಲ್ ಕಾರ್ಬೊನೇಟ್ ಹಾಕಿ ಪಿಎಚ್ 5ರ ಆಸುಪಾಸಿಗೆ ಏರಿಸಿ. ಶೇ. 30ರ ಹೈಡ್ರೋಜನ್ ಪೆರಾಕ್ಸೈಡ್ 100 ಮಿ.ಲೀ. ಹಾಕಿ, ಎರಡು ಗಂಟೆ 60–65 ಡಿಗ್ರಿಯಲ್ಲಿ ಕಲಕುತ್ತಿರಿ. ಕಬ್ಬಿಣ ಹೈಡ್ರಾಕ್ಸೈಡ್ ಆಗಿ ಕೂರುತ್ತದೆ, ಎಣ್ಣೆ ಅಂಟು ಮುಂತಾದ ಸಾವಯವ ಕಸ ಒಡೆಯುತ್ತದೆ. ಆಮೇಲೆ 300 ಗ್ರಾಂ ಆ್ಯಕ್ಟಿವೇಟೆಡ್ ಕಾರ್ಬನ್ (ಕಸ ಹೀರುವ ಇದ್ದಿಲ ಪುಡಿ) ಹಾಕಿ ಕಲಕಿ, ರಾತ್ರಿಯಿಡೀ ಬಿಟ್ಟು, ಬೆಳಿಗ್ಗೆ ಫಿಲ್ಟರ್ ಮಾಡಿ ಟ್ಯಾಂಕಿಗೆ ಬಿಡಿ. ಪೆರಾಕ್ಸೈಡ್ ಮತ್ತು ಕಾರ್ಬನ್ ಎರಡನ್ನೂ ಒಟ್ಟಿಗೆ ಹಾಕುವುದು ಸಾಮಾನ್ಯ ತಪ್ಪು. ಕಾರ್ಬನ್ ತಾಗಿದ ಕೂಡಲೇ ಪೆರಾಕ್ಸೈಡ್ ಒಡೆದು ಆಮ್ಲಜನಕವಾಗಿ ಹಾರಿಹೋಗುತ್ತದೆ, ಕೆಲಸ ಮಾಡುವುದೇ ಇಲ್ಲ.

ಟ್ಯಾಂಕನ್ನು 100 ಲೀಟರಿಗೆ ತುಂಬಿಸಿ, ಶೇ. 10ರ ಸಲ್ಫ್ಯೂರಿಕ್ ಆಮ್ಲ ಸ್ವಲ್ಪಸ್ವಲ್ಪವೇ ಹಾಕಿ ಪಿಎಚ್ 4.0–4.2ಕ್ಕೆ ತನ್ನಿ. ಆಮ್ಲ ತೆಳುಮಾಡುವಾಗ ಯಾವಾಗಲೂ ನೀರಿಗೆ ಆಮ್ಲ ಹಾಕಬೇಕು, ಆಮ್ಲಕ್ಕೆ ನೀರು ಹಾಕಿದರೆ ಸಿಡಿದು ಮುಖಕ್ಕೆ ಬರುತ್ತದೆ. ಪಿಎಚ್ ತಗ್ಗಿ ಹೋದಾಗ ಏರಿಸಲು ನಿಕ್ಕಲ್ ಕಾರ್ಬೊನೇಟ್ ಬಳಸಿ. ಕಾಸ್ಟಿಕ್ ಸೋಡಾ ಸುರಿದರೆ ಬಿದ್ದ ಜಾಗದಲ್ಲೇ ಹಸಿರು ನಿಕ್ಕಲ್ ಹೈಡ್ರಾಕ್ಸೈಡ್ ಮುದ್ದೆಕಟ್ಟುತ್ತದೆ. ಪಿಎಚ್ ಕಾಗದವನ್ನು ನಂಬಬೇಡಿ, ದ್ರಾವಣದ ಹಸಿರು ಬಣ್ಣ ಕಾಗದದ ಬಣ್ಣವನ್ನು ಕೆಡಿಸುತ್ತದೆ. ಮೀಟರನ್ನು 4 ಮತ್ತು 7ರ ಬಫರಿನಲ್ಲಿ (ಪಿಎಚ್ ಮೊದಲೇ ಗೊತ್ತಿರುವ ದ್ರವ) ಸರಿಮಾಡಿಕೊಂಡು, ಸ್ಯಾಂಪಲ್ ಆರಿದ ಮೇಲೆ ಅಳೆಯಿರಿ.

ಇನ್ನೊಂದು ಹೆಜ್ಜೆ ಉಳಿದಿದೆ: ಡಮ್ಮಿ. ಅಲೆಅಲೆಯಾಗಿ ಬಗ್ಗಿಸಿದ ಸ್ಟೀಲ್ ಶೀಟನ್ನು ಚೆನ್ನಾಗಿ ತೊಳೆದು ನೇತುಹಾಕಿ, ಒಂದು ಚದರ ಡೆಸಿಮೀಟರಿಗೆ (10 ಸೆಂ.ಮೀ. ಉದ್ದ, 10 ಸೆಂ.ಮೀ. ಅಗಲ) 0.2ರಿಂದ 0.5 ಆಂಪಿಯರ್ ಕೊಟ್ಟು ಕೆಲವು ಗಂಟೆ ಓಡಿಸಿ. ಇಷ್ಟು ಕಡಿಮೆ ಕರೆಂಟಿನಲ್ಲಿ ತಾಮ್ರ, ಜಿಂಕ್, ಸೀಸದ ಕಶ್ಮಲ ನಿಕ್ಕಲ್‌ಗಿಂತ ಮುಂದಾಗಿ ಶೀಟಿಗೆ ಬಂದು ಕೂರುತ್ತದೆ. ಶೀಟಿನ ತಗ್ಗುಗಳು ಕಪ್ಪಿನಿಂದ ಬೂದುಬಿಳುಪಿಗೆ ತಿರುಗಿದರೆ ಸಾಕು. ಬ್ರೈಟ್ನರ್ ಮತ್ತು ವೆಟ್ಟಿಂಗ್ ಏಜೆಂಟ್ (ಗುಳ್ಳೆ ಮೈಗೆ ಅಂಟದಂತೆ ಮಾಡುವ ದ್ರವ) ಸೇರಿಸುವುದು ಇದಾದ ಮೇಲೆಯೇ, ಅದೂ ಕೊಟ್ಟವರ ಚೀಟಿಯ ಪ್ರಮಾಣದಲ್ಲಿ. ಗಾಳಿ ಊದಿ ಕಲಕುವ ಟ್ಯಾಂಕಾದರೆ ನೊರೆ ಬಾರದ ವೆಟ್ಟಿಂಗ್ ಏಜೆಂಟೇ ಬೇಕೆಂದು ಕೇಳಿ ತನ್ನಿ.

ಆನೋಡ್ ಚೀಲಗಳನ್ನು ಅಂಗಡಿಯಿಂದ ತಂದಂತೆಯೇ ಇಳಿಸಬೇಡಿ. ಬಟ್ಟೆಯ ಗಂಜಿ ದ್ರಾವಣಕ್ಕೆ ಇಳಿಯುತ್ತದೆ. ಬಿಸಿನೀರು, ಆಮೇಲೆ ಶೇ. 5ರ ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿ ತೊಳೆಯಿರಿ. ಬುಟ್ಟಿಯ ಕೊಕ್ಕೆ ತಾಮ್ರದ್ದಾದರೆ ಅದು ದ್ರಾವಣಕ್ಕೆ ತಾಗಬಾರದು. ತಾಗಿದರೆ ತಾಮ್ರವೂ ಕರಗಿ ಬರುತ್ತದೆ.

3. ಜಾಬ್ ಶುದ್ಧೀಕರಣ

ಅ. ಬಫಿಂಗ್ (ಬಟ್ಟೆಯ ಚಕ್ರದಲ್ಲಿ ಉಜ್ಜಿ ಹೊಳಪು ಕೊಡುವುದು) ಆದ ದಿನವೇ ತೊಳೆಯಿರಿ. ಬಫಿಂಗ್ ಸೋಪಿನಲ್ಲಿರುವ ಮೇಣ ರಾತ್ರಿಯಿಡೀ ಕೂತರೆ ಗಟ್ಟಿಯಾಗಿ ಥ್ರೆಡ್ಡು, ತೂತುಗಳಲ್ಲಿ ಕಚ್ಚಿಕೊಳ್ಳುತ್ತದೆ. ಹಿತ್ತಾಳೆಗೆ ಹೊಂದುವ ಸೋಕ್ ಕ್ಲೀನರಿನಲ್ಲಿ (ಕ್ಷಾರದ ಬಿಸಿ ದ್ರಾವಣ) 60–70 ಡಿಗ್ರಿಯಲ್ಲಿ 5ರಿಂದ 10 ನಿಮಿಷ ನೆನೆಸಿ, ಮೆತ್ತನೆ ಬ್ರಷ್ಷಿನಲ್ಲಿ ಉಜ್ಜಿ. ಕಬ್ಬಿಣಕ್ಕೆ ಅಂತ ಮಾರುವ ಕಾಸ್ಟಿಕ್ ಜಾಸ್ತಿ ಇರುವ ಕ್ಲೀನರ್ ಹಿತ್ತಾಳೆಯನ್ನು ಕಂದುಗಟ್ಟಿಸುತ್ತದೆ.

ಆ. ನೀರಿನಲ್ಲಿ ತೊಳೆದು, ಜಾಬ್‌ಗಳನ್ನು ನೇತುಹಾಕುವ ಕೊಕ್ಕೆಗಳ ಚೌಕಟ್ಟಾದ ರ‍್ಯಾಕಿಗೆ ಕಟ್ಟಿ. ಒಳಭಾಗದಲ್ಲಿ ನೀರು ನಿಲ್ಲದ ಹಾಗೆ ತೂತು ಕೆಳಮುಖವಾಗಿರಲಿ.

ಇ. ಎಲೆಕ್ಟ್ರೋಕ್ಲೀನಿಂಗ್ (ಕರೆಂಟ್ ಕೊಟ್ಟು ಕ್ಷಾರದಲ್ಲಿ ತೊಳೆಯುವುದು). ಜಾಬನ್ನು ಋಣ ತುದಿಗೆ ಕಟ್ಟಿ 4–6 ವೋಲ್ಟಿನಲ್ಲಿ 30ರಿಂದ 60 ಸೆಕೆಂಡ್. ಹುಟ್ಟುವ ಹೈಡ್ರೋಜನ್ ಗುಳ್ಳೆಗಳು ಕೊಳೆಯನ್ನು ಎಬ್ಬಿಸುತ್ತವೆ. ಕಬ್ಬಿಣದ ಜಾಬ್ ಮಾಡುವವರು ಧನ ತುದಿಗೆ ಕಟ್ಟುವುದನ್ನು ನೋಡಿ ಹಿತ್ತಾಳೆಗೂ ಹಾಗೇ ಮಾಡುವವರಿದ್ದಾರೆ. ಕೆಲವೇ ಸೆಕೆಂಡಿನಲ್ಲಿ ಹಿತ್ತಾಳೆ ಕಂದಾಗಿ ಜಿಂಕ್ ಬಿಟ್ಟುಕೊಡಲು ಶುರುಮಾಡುತ್ತದೆ. ಋಣ ತುದಿಯಲ್ಲಿ ತೊಳೆದರೂ ಮೇಲೆ ಕಪ್ಪು ಮಸಿ ಕೂರುತ್ತಿದ್ದರೆ ಕ್ಲೀನರಿನಲ್ಲಿ ಲೋಹದ ಕಶ್ಮಲ ತುಂಬಿದೆ ಎಂದರ್ಥ. ಅದನ್ನು ಬದಲಿಸುವ ಸಮಯ ಬಂದಿದೆ.

ಈ. ಎರಡು ಟ್ಯಾಂಕುಗಳಲ್ಲಿ ಒಂದಾದ ಮೇಲೆ ಒಂದು ತೊಳೆಯಿರಿ. ಹೊಸ ನೀರು ಎರಡನೆಯದಕ್ಕೆ ಬಂದು, ಅಲ್ಲಿಂದ ತುಂಬಿ ಮೊದಲನೆಯದಕ್ಕೆ ಹರಿಯುವಂತೆ ಪೈಪು ಜೋಡಿಸಿ. ಅಷ್ಟೇ ನೀರಿನಲ್ಲಿ ತೊಳೆತ ಎಷ್ಟೋ ಪಾಲು ಉತ್ತಮವಾಗುತ್ತದೆ.

ಉ. ಆಮ್ಲ: ಸೀಸವಿಲ್ಲದ ಹಿತ್ತಾಳೆಗೆ ಶೇ. 5ರಿಂದ 10ರ ಸಲ್ಫ್ಯೂರಿಕ್, ಸೀಸದ್ದಕ್ಕೆ ಮೇಲೆ ಹೇಳಿದ್ದು. 15ರಿಂದ 30 ಸೆಕೆಂಡ್ ಸಾಕು. ಆಮೇಲೆ ಮತ್ತೆ ಎರಡು ತೊಳೆತ.

ಊ. ಈಗ ನೀರಿನ ಪೊರೆ ಪರೀಕ್ಷೆ. ರ‍್ಯಾಕನ್ನು ನೀರಿನಿಂದ ಎತ್ತಿ ಅರ್ಧ ನಿಮಿಷ ನೋಡಿ. ಇಡೀ ಮೈ ಮೇಲೆ ನೀರು ಒಂದೇ ಪೊರೆಯಾಗಿ ನಿಂತಿದ್ದರೆ ಜಾಬ್ ಶುದ್ಧ. ಎಲ್ಲಾದರೂ ಪೊರೆ ಹರಿದು ಹನಿಗಟ್ಟಿದರೆ ಅಲ್ಲಿ ಎಣ್ಣೆ ಉಳಿದಿದೆ, ಅಲ್ಲೇ ನಾಳೆ ಸಿಪ್ಪೆ ಏಳುವುದು. ಈ ಪರೀಕ್ಷೆಯನ್ನು ಕ್ಷಾರದ ನಂತರ ಮಾಡಿ ಸಮಾಧಾನ ಪಡಬೇಡಿ. ಕ್ಲೀನರಿನ ಸೋಪು ಎಣ್ಣೆಯ ಮೇಲೂ ನೀರು ಹರಡುವಂತೆ ಮಾಡಿ ಮೋಸಮಾಡುತ್ತದೆ. ಆಮ್ಲದ ನಂತರದ ತೊಳೆತದಲ್ಲೇ ನೋಡಬೇಕು. ಹನಿಗಟ್ಟಿದ ರ‍್ಯಾಕನ್ನು "ಇರಲಿ ಬಿಡು" ಅಂತ ನಿಕ್ಕಲ್‌ಗೆ ಇಳಿಸಿದರೆ ಆ ಜಾಬ್ ಕೆಡುವುದಲ್ಲದೆ ಎಣ್ಣೆ ಟ್ಯಾಂಕಿಗೂ ಇಳಿದು ಮುಂದಿನ ರ‍್ಯಾಕುಗಳನ್ನೂ ಕೆಡಿಸುತ್ತದೆ.

4. ಕರೆಂಟಿನ ಲೆಕ್ಕ

ವೋಲ್ಟ್ ನೋಡಿ ಪ್ಲೇಟಿಂಗ್ ಮಾಡುವ ಅಭ್ಯಾಸ ಬಿಡಿ. ಲೇಪದ ದಪ್ಪ ತೀರ್ಮಾನವಾಗುವುದು ಆಂಪಿಯರ್ ಮತ್ತು ಸಮಯದಿಂದ.

ಜಾಬ್ 2 ಸೆಂ.ಮೀ. ವ್ಯಾಸ, 5 ಸೆಂ.ಮೀ. ಉದ್ದದ ಗಟ್ಟಿ ಸಿಲಿಂಡರ್ ಅಂದುಕೊಳ್ಳಿ. ಸುತ್ತಿನ ಮೈ 31.4 ಚದರ ಸೆಂ.ಮೀ., ಎರಡು ತುದಿ ಸೇರಿ 6.3, ಒಟ್ಟು 37.7. ಅಂದರೆ 0.38 ಚದರ ಡೆಸಿಮೀಟರ್. 40 ಜಾಬಿಗೆ 15.2. ರ‍್ಯಾಕಿನ ತುದಿಗಳಿಗೂ ಲೇಪ ಕೂರುತ್ತದೆ, 16 ಎನ್ನಿ. ಚದರ ಡೆಸಿಮೀಟರಿಗೆ 4 ಆಂಪಿಯರ್‌ನಂತೆ 64 ಆಂಪಿಯರ್.

ಆಂಪಿಯರ್-ಗಂಟೆಗೆ (ಒಂದು ಆಂಪಿಯರ್ ಒಂದು ಗಂಟೆ ಹರಿದರೆ) 1.095 ಗ್ರಾಂ ನಿಕ್ಕಲ್ ಕೂರಬೇಕು. ಕರೆಂಟಿನ ಸ್ವಲ್ಪ ಪಾಲು ಹೈಡ್ರೋಜನ್ ಹುಟ್ಟಿಸಲು ಹೋಗುವುದರಿಂದ ಶೇ. 95 ಎಂದು ಹಿಡಿಯಿರಿ. 4 ಆಂಪಿಯರಿನಲ್ಲಿ 15 ನಿಮಿಷಕ್ಕೆ ಸುಮಾರು 11.7 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಪಾಲು) ದಪ್ಪ ಬರುತ್ತದೆ. ಇದು ಸರಾಸರಿ. ಅಂಚಿನಲ್ಲಿ ಹೆಚ್ಚು, ತಗ್ಗಿನಲ್ಲಿ ಕಡಿಮೆ ಇದ್ದೇ ಇರುತ್ತದೆ.

5. ಟ್ಯಾಂಕಿಗೆ ಇಳಿಸುವುದು

ದ್ರಾವಣ 55 ಡಿಗ್ರಿಗೆ ಬರಲಿ. 3 ಕಿಲೋವ್ಯಾಟ್ ಹೀಟರಿಗೆ 100 ಲೀಟರನ್ನು 25ರಿಂದ 55ಕ್ಕೆ ಏರಿಸಲು ಒಂದೂವರೆ ಗಂಟೆ ಹತ್ತಿರ ಬೇಕು, ಬೆಳಿಗ್ಗೆ ಮೊದಲೇ ಹಾಕಿ. ಮಾರ್ಗಶಿರ, ಪುಷ್ಯದ ಚಳಿಯಲ್ಲಿ ರಾತ್ರಿ ತಣ್ಣಗಾದ ಟ್ಯಾಂಕಿನ ತಳದಲ್ಲಿ, ಆನೋಡ್ ಚೀಲದಲ್ಲಿ ಬೋರಿಕ್ ಹರಳು ಕಟ್ಟಬಹುದು. ಅದು ಪೂರ್ತಿ ಕರಗುವ ತನಕ ರ‍್ಯಾಕ್ ಇಳಿಸಬೇಡಿ.

ರೆಕ್ಟಿಫೈಯರನ್ನು 2 ವೋಲ್ಟಿನಲ್ಲಿ ಆನ್ ಮಾಡಿಟ್ಟೇ ರ‍್ಯಾಕ್ ಇಳಿಸಿ, ಅರ್ಧ ನಿಮಿಷದಲ್ಲಿ ಲೆಕ್ಕದ ಆಂಪಿಯರಿಗೆ ಏರಿಸಿ. ಜಾಬ್ ಅಲುಗುತ್ತಿರಬೇಕು ಅಥವಾ ಗಾಳಿ ಊದುತ್ತಿರಬೇಕು.

ನಡುವೆ ಕರೆಂಟ್ ಹೋದರೆ? ಹೊಳಪಿನ ನಿಕ್ಕಲ್ ಕರೆಂಟಿಲ್ಲದೆ ದ್ರಾವಣದಲ್ಲಿ ನಿಂತರೆ ಅದರ ಮೇಲೆ ಕಣ್ಣಿಗೆ ಕಾಣದ ಆಕ್ಸೈಡ್ ಪೊರೆ ಬರುತ್ತದೆ. ಕರೆಂಟ್ ಬಂದ ಕೂಡಲೇ ಹಾಗೇ ಮುಂದುವರಿಸಿದರೆ ನಿಕ್ಕಲ್ ಮೇಲೆ ಕೂತ ನಿಕ್ಕಲ್ ಹಾಳೆಯಂತೆ ಬೇರೆಯಾಗುತ್ತದೆ. ಸಿಪ್ಪೆಯ ಅಡಿಯಲ್ಲಿ ಹಳದಿ ಹಿತ್ತಾಳೆ ಕಾಣದೆ ಬಿಳಿ ನಿಕ್ಕಲ್ಲೇ ಕಂಡರೆ ದೋಷ ಇದೇ. ರ‍್ಯಾಕನ್ನು ಎತ್ತಿ ತೊಳೆದು, ಶೇ. 10ರ ಸಲ್ಫ್ಯೂರಿಕ್ ಆಮ್ಲದಲ್ಲಿ ಋಣ ತುದಿಗೆ ಕಟ್ಟಿ ಕೆಲವು ಸೆಕೆಂಡ್ ಕರೆಂಟ್ ಕೊಟ್ಟು, ತೊಳೆದು, ಒಣಗಲು ಬಿಡದೆ ಮತ್ತೆ ಇಳಿಸಿ. ರ‍್ಯಾಕಿನ ಕೊಕ್ಕೆ ಸಡಿಲವಾಗಿ ಕರೆಂಟ್ ಬಿಟ್ಟುಬಿಟ್ಟು ಹರಿದರೂ ಇದೇ ಗತಿ. ರ‍್ಯಾಕಿನ ತುದಿಗಳನ್ನು ಆಗಾಗ ಉಜ್ಜಿ.

ಹಿತ್ತಾಳೆ ಜಾಬ್ ಟ್ಯಾಂಕಿನ ತಳಕ್ಕೆ ಬಿದ್ದರೆ ಅಯಸ್ಕಾಂತಕ್ಕೆ ಸಿಗುವುದು ಅನುಮಾನ. ಪ್ಲಾಸ್ಟಿಕ್ ಸೌಟಿನಲ್ಲಿ ಆ ದಿನವೇ ತೆಗೆಯಿರಿ. ಬಿಟ್ಟರೆ ತಾಮ್ರ, ಜಿಂಕ್ ನಿಧಾನವಾಗಿ ಕರಗುತ್ತಾ ಇರುತ್ತವೆ.

ಎತ್ತುವಾಗ ಟ್ಯಾಂಕಿನ ಮೇಲೆಯೇ 10–15 ಸೆಕೆಂಡ್ ಸೋರಲು ಬಿಡಿ. ನಂತರದ ಮೊದಲ ತೊಳೆತದ ಟ್ಯಾಂಕಿಗೆ ನಲ್ಲಿ ಬೇಡ, ಡಿ.ಎಂ. ನೀರು ತುಂಬಿ ನಿಲ್ಲಿಸಿ. ಬಿಸಿ ಟ್ಯಾಂಕಿನಲ್ಲಿ ಆವಿಯಾದ ಜಾಗಕ್ಕೆ ಈ ಹಸಿರು ನೀರನ್ನೇ ಫಿಲ್ಟರ್ ಮಾಡಿ ಹಾಕಿ. ದುಬಾರಿ ನಿಕ್ಕಲ್ ಚರಂಡಿಗೆ ಹೋಗುವುದು ಇಲ್ಲೇ ನಿಲ್ಲುತ್ತದೆ.

6. ಲೇಪದ ಪರೀಕ್ಷೆ

ಒಣಗಿದ ಹತ್ತು ಜಾಬನ್ನು ಲೇಪದ ಮೊದಲು ಮತ್ತು ನಂತರ ಒಟ್ಟಿಗೆ ತೂಗಿ. ಮೇಲಿನ ಲೆಕ್ಕದಲ್ಲಿ ಹತ್ತಕ್ಕೆ 3.9 ಗ್ರಾಂ ಹತ್ತಿರ ಹೆಚ್ಚಬೇಕು. 3 ಗ್ರಾಂ ಮಾತ್ರ ಬಂದರೆ ಆಮೀಟರ್ ತಪ್ಪು ತೋರಿಸುತ್ತಿದೆ ಅಥವಾ ಕರೆಂಟು ರ‍್ಯಾಕಿನ ತುದಿಗಳಿಗೆ ಹೋಗುತ್ತಿದೆ.

ಅಂಟಿಕೆ ನೋಡಲು ಒಂದು ಜಾಬನ್ನು 250 ಡಿಗ್ರಿಗೆ ಕಾಯಿಸಿ ತಣ್ಣೀರಿಗೆ ಹಾಕಿ. ಗುಳ್ಳೆ ಏಳಬಾರದು. ಇನ್ನೊಂದರ ಅಂಚನ್ನು ಒಳಗಿನ ಹಿತ್ತಾಳೆಯಿಂದ ಹೊರಗಿನ ಲೇಪದ ಕಡೆಗೆ ಅರದಿಂದ ಉಜ್ಜಿ. ಲೇಪ ಎದ್ದರೆ ಮೂರನೇ ಹಂತಕ್ಕೆ ಹಿಂತಿರುಗಿ.

7. ಹಲ್ ಸೆಲ್

ಅಮೆರಿಕದ ಹಲ್ ರೂಪಿಸಿದ, 267 ಮಿ.ಲೀ. ಹಿಡಿಯುವ ಈ ಪುಟ್ಟ ತೊಟ್ಟಿಯಲ್ಲಿ ಋಣ ತುದಿಯ ಶೀಟನ್ನು ಓರೆಯಾಗಿ ಇಡುತ್ತಾರೆ. ಒಂದು ತುದಿ ಆನೋಡಿಗೆ ಹತ್ತಿರ, ಇನ್ನೊಂದು ದೂರ. ಹೀಗಾಗಿ ಒಂದೇ ಶೀಟಿನಲ್ಲಿ ಹೆಚ್ಚು ಕರೆಂಟಿನಿಂದ ತೀರ ಕಡಿಮೆ ಕರೆಂಟಿನವರೆಗೆ ಎಲ್ಲ ಸ್ಥಿತಿಯೂ ಕಾಣುತ್ತದೆ. 2 ಆಂಪಿಯರ್ ಕೊಟ್ಟರೆ ಹತ್ತಿರದ ಅಂಚಿನಿಂದ 1 ಸೆಂ.ಮೀ. ಬಳಿ ಚದರ ಡೆಸಿಮೀಟರಿಗೆ 10, 5 ಸೆಂ.ಮೀ. ಬಳಿ 2.9, 8 ಸೆಂ.ಮೀ. ಬಳಿ 0.7 ಆಂಪಿಯರ್.

ಟ್ಯಾಂಕಿನ ನಡುವಿನಿಂದ ಸ್ಯಾಂಪಲ್ ತೆಗೆದು, 55 ಡಿಗ್ರಿಯಲ್ಲಿ, ಶುದ್ಧ ಹಿತ್ತಾಳೆ ಶೀಟಿಗೆ 2 ಆಂಪಿಯರ್, 5 ನಿಮಿಷ. ತೊಳೆದು ಒಣಗಿಸಿ ಬೆಳಕಿಗೆ ಹಿಡಿಯಿರಿ.

ಹೆಚ್ಚು ಕರೆಂಟಿನ ಅಂಚು ಅಗಲವಾಗಿ ಸುಟ್ಟಿದ್ದರೆ: ಬೋರಿಕ್ ಕಡಿಮೆ, ಪಿಎಚ್ ಹೆಚ್ಚು, ಅಥವಾ ನಿಕ್ಕಲ್ ಲವಣ ಇಳಿದಿದೆ. ಮೊದಲು ಪಿಎಚ್ ನೋಡಿ, ಅದು ಸುಲಭ.

ಕಡಿಮೆ ಕರೆಂಟಿನ ತುದಿ ಕಪ್ಪು ಅಥವಾ ಬೂದು: ತಾಮ್ರ ಅಥವಾ ಜಿಂಕ್ ಕಶ್ಮಲ. ಡಮ್ಮಿ ಓಡಿಸಿ. ಹಿತ್ತಾಳೆ ಮಾಡುವ ಶೆಡ್ಡಿನಲ್ಲಿ ಅತಿ ಹೆಚ್ಚು ಕಾಣುವ ದೋಷ ಇದು.

ಕಡಿಮೆ ಕರೆಂಟಿನ ತುದಿಗೆ ಲೇಪವೇ ಕೂರದೆ ಹಿತ್ತಾಳೆ ಕಾಣುತ್ತಿದ್ದು, ಉಳಿದದ್ದು ಕನ್ನಡಿಯಂತಿದ್ದರೆ: ಬ್ರೈಟ್ನರ್ ಅತಿಯಾಗಿದೆ. ಶೀಟನ್ನು ಬಗ್ಗಿಸಿದರೆ ಲೇಪ ಪಟಪಟ ಸೀಳುತ್ತದೆ. ಹೊಸದು ಹಾಕುವುದು ನಿಲ್ಲಿಸಿ, ಹೆಚ್ಚಾದದ್ದನ್ನು ಕಾರ್ಬನ್ನಿನಿಂದ ತೆಗೆಯಬೇಕು.

ಇಡೀ ಶೀಟು ಮಂಕು, ಆದರೆ ಸುಟ್ಟ ಗುರುತಿಲ್ಲ, ಕಪ್ಪಿಲ್ಲ: ಬ್ರೈಟ್ನರ್ ಬೇಕಾಗಿರುವುದು ಆಗ. ಸೆಲ್ಲಿಗೆ ಸಿರಿಂಜಿನಿಂದ 0.27 ಮಿ.ಲೀ. ಹಾಕಿದರೆ ಲೀಟರಿಗೆ 1 ಮಿ.ಲೀ. ಹಾಕಿದಂತೆ, ಅಂದರೆ ಟ್ಯಾಂಕಿಗೆ 100 ಮಿ.ಲೀ. ಹೊಸ ಶೀಟು ಓಡಿಸಿ ಹೊಳಪು ಬಂದರೆ ಮಾತ್ರ ಅಷ್ಟನ್ನೇ ಟ್ಯಾಂಕಿಗೆ ಹಾಕಿ. ಒಂದೇ ಸ್ಯಾಂಪಲ್‌ನಲ್ಲಿ ಮೂರ್ನಾಲ್ಕಕ್ಕಿಂತ ಹೆಚ್ಚು ಶೀಟು ಬೇಡ, ಅದರ ಬ್ರೈಟ್ನರ್ ತೀರಿ ಲೆಕ್ಕ ತಪ್ಪುತ್ತದೆ.

ಸೂಜಿಮೊನೆಯಂಥ ಗುಳಿಗಳು: ಹೈಡ್ರೋಜನ್ ಗುಳ್ಳೆ ಅಂಟಿದ ಗುರುತು. ವೆಟ್ಟಿಂಗ್ ಏಜೆಂಟ್ ಕಡಿಮೆ ಅಥವಾ ಎಣ್ಣೆ ಸೇರಿದೆ. ಏಜೆಂಟ್ ಹಾಕಿದರೂ ಹೋಗದಿದ್ದರೆ ಪೆರಾಕ್ಸೈಡ್-ಕಾರ್ಬನ್ ಶುದ್ಧಿ.

ಶೀಟಿನ ಹಿಂಬದಿಗೆ ತಾರೀಖು, ಪಿಎಚ್ ಬರೆದು ಇಟ್ಟುಕೊಳ್ಳಿ. ಶೀಟು ಚೆನ್ನಾಗಿದ್ದೂ ಜಾಬ್ ಸಿಪ್ಪೆ ಏಳುತ್ತಿದ್ದರೆ ಟ್ಯಾಂಕನ್ನು ಮುಟ್ಟಬೇಡಿ, ಕ್ಲೀನರ್ ಮತ್ತು ಆಮ್ಲ ಬದಲಿಸಿ.

8. ತೊಳೆದ ನೀರು

ಪ್ಲೇಟಿಂಗ್ ಕೆಂಪು ವರ್ಗದ (ಹೆಚ್ಚು ಮಾಲಿನ್ಯ ಮಾಡುವ) ಉದ್ದಿಮೆ. ಕರ್ನಾಟಕ ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಯಿಂದ ಶೆಡ್ ಕಟ್ಟುವ ಮೊದಲು ಸ್ಥಾಪನಾ ಸಮ್ಮತಿ, ಶುರುವಾಗುವ ಮೊದಲು ಕಾರ್ಯಾಚರಣೆ ಸಮ್ಮತಿ ಬೇಕು. ಮನೆಯ ಹಿತ್ತಲಲ್ಲಿ ಮಾಡುವ ಕೆಲಸ ಇದಲ್ಲ. ಇಲ್ಲಿಯ ಮೋರಿಗಳ ನೀರು ಕೊನೆಗೆ ಸೇರುವುದು ಕೆರೆಗಳಿಗೆ, ಕಾವೇರಿಯ ಹಳ್ಳಗಳಿಗೆ. ಅದೇ ನೀರು ಗದ್ದೆಗೂ ಹೋಗುತ್ತದೆ.

ಹೊರಬಿಡುವ ನೀರಿನಲ್ಲಿ ನಿಕ್ಕಲ್ ಲೀಟರಿಗೆ 3 ಮಿಲಿಗ್ರಾಂ ಮೀರಬಾರದು. ತೊಳೆದ ನೀರನ್ನೆಲ್ಲ ಒಂದು ತೊಟ್ಟಿಗೆ ಕೂಡಿಸಿ, ಸುಣ್ಣ ಅಥವಾ ಕಾಸ್ಟಿಕ್ ಹಾಕಿ ಪಿಎಚ್ 9.5–10.5ಕ್ಕೆ ಏರಿಸಿ. ನಿಕ್ಕಲ್ ಹೈಡ್ರಾಕ್ಸೈಡ್ ಆಗಿ ತಳ ಸೇರುತ್ತದೆ. ಪಿಎಚ್ 8ಕ್ಕೇ ನಿಲ್ಲಿಸಿದರೆ ನೀರು ತಿಳಿಯಾಗಿ ಕಂಡರೂ ನಿಕ್ಕಲ್ ಅದರಲ್ಲೇ ಉಳಿದಿರುತ್ತದೆ. ತಿಳಿ ನೀರನ್ನು ಬೇರೆಮಾಡಿ, ಆಮ್ಲದಿಂದ ಪಿಎಚ್ 6–9ರೊಳಗೆ ತಂದು, ಪರೀಕ್ಷೆ ಮಾಡಿಸಿ ಬಿಡಿ. ಪೆರಾಕ್ಸೈಡ್ ಅಥವಾ ಅಮೋನಿಯಾ ಇರುವ ಹಳೆ ಕ್ಲೀನರನ್ನು ಇದಕ್ಕೆ ಬೆರೆಸಬೇಡಿ. ಅಮೋನಿಯಾ ನಿಕ್ಕಲನ್ನು ಕಟ್ಟಿ ಹಿಡಿದು ತಳಕ್ಕೆ ಇಳಿಯಲು ಬಿಡುವುದಿಲ್ಲ.

ತಳದಲ್ಲಿ ಉಳಿದ ಹಸಿರು ಕೆಸರು, ಫಿಲ್ಟರಿನ ಕಾರ್ಬನ್, ಹಳೆ ಆನೋಡ್ ಚೀಲ ಎಲ್ಲವೂ 2016ರ ನಿಯಮಗಳ ಪ್ರಕಾರ ಅಪಾಯಕಾರಿ ತ್ಯಾಜ್ಯ. ಮುಚ್ಚಳದ ಡ್ರಮ್ಮಿನಲ್ಲಿ ತುಂಬಿ, ಮೇಲೆ ಹೆಸರು ತಾರೀಖು ಬರೆದು, ಮಳೆ ತಾಗದ ಸಿಮೆಂಟ್ ನೆಲದ ಮೇಲಿಡಿ. 90 ದಿನದೊಳಗೆ ಮಂಡಳಿ ಒಪ್ಪಿದ ಸಂಸ್ಥೆಗೆ ಸಾಗಿಸಿ ರಸೀದಿ ತೆಗೆದುಕೊಳ್ಳಿ. ಗುಜರಿಯವರಿಗೆ ಕೊಡಬೇಡಿ.